ಮೊದಲು ನೋಡಬೇಕಾದವರು

ಮಂಗಳವಾರ, ನವೆಂಬರ್ ೧೮

ನನ್ನ ಅಕ್ಕನಿಗೆ,

ನಿನ್ನ ತಂಗಿ ಇನ್ನೂ ಬದುಕಿದ್ದಾಳೆ, ಅವಳ ಮೈಗಳ್ಳತನವೂ ಹಾಗೇ ಇದೆ. ನಿನ್ನ ಕಾಗದ ಬಂದು ತಿಂಗಳಾಯಿತು. ಮೂರು ಸಲ ಉತ್ತರ ಬರೆದು ಮೂರು ಸಲವೂ ಹರಿದು ಹಾಕಿದೆ, ಬೇಕಾದಷ್ಟು ಬೈದುಕೋ. ಭಾವನ ಮಂಡಿನೋವು ಹೇಗಿದೆ? ನೀನು ಕಳಿಸಿದ ಫೋಟೋದಲ್ಲಿ ಈ ಸಲವೂ ಅವರು ಕಣ್ಣು ಮುಚ್ಚಿದ್ದಾರೆ. ನಿಮ್ಮ ಮದುವೆಯಿಂದ ಇವತ್ತಿನವರೆಗೆ ಅವರ ಕಣ್ಣು ತೆರೆದ ಫೋಟೋ ಒಂದೂ ನನಗೆ ಸಿಕ್ಕಿಲ್ಲ. ಇಷ್ಟು ವರ್ಷ ಕ್ಯಾಮೆರಾ ಹಿಡಿದು ಏನು ಕಡಿದು ಕಟ್ಟೆ ಹಾಕಿದೆನೋ!

ಶನಿವಾರದ ಕ್ಲಾಸಿನ ಬಗ್ಗೆ ಕೇಳಿದ್ದೀಯ. ಆಪ್ತಸಮಾಲೋಚನಾ ಕೇಂದ್ರದ ಮಹಡಿಯಲ್ಲಿ ಒಂದು ಕೋಣೆ, ಎರಡು ಕ್ಯಾಮೆರಾ, ಒಂದು ಕಾಲು ಕುಂಟುವ ಸ್ಟ್ಯಾಂಡು, ಏಳು ಮಕ್ಕಳು. ಎಲ್ಲರೂ ಹದಿಮೂರರಿಂದ ಹದಿನೇಳರೊಳಗಿನವರು. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಲಾಗದ ಒಂದೊಂದು ದಿನವಿದೆ. ಅದನ್ನು ಚಿತ್ರ ತೆಗೆದು, ಮೇಲೆ ತಮ್ಮ ದನಿ ಸೇರಿಸಿ ಹೇಳುತ್ತಾರೆ. ಮದುವೆಮನೆಗಳಲ್ಲಿ 'ಸ್ವಲ್ಪ ನಗಿ' ಎಂದು ಜನರ ಪ್ರಾಣ ತಿಂದವಳು ಇಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ನಾನು ಮಾಡಿದ ನಿಯಮ ಒಂದೇ. ಮುಗಿದ ವಿಡಿಯೋವನ್ನು ಮೊದಲು ಯಾರು ನೋಡಬೇಕೆಂದು ಮಗುವೇ ಚೀಟಿಯಲ್ಲಿ ಬರೆದು ಕೊಡಬೇಕು; ಅವರು ನೋಡುವವರೆಗೆ ನಾನೂ ನೋಡುವಂತಿಲ್ಲ. ಒಬ್ಬ ತನ್ನ ನಾಯಿಯನ್ನು ಬರೆದ. ಅದನ್ನೂ ಕರೆಸಿ ಕುರ್ಚಿಯ ಮೇಲೆ ಕೂರಿಸಿ ತೋರಿಸಿದೆವು.

ಜೂನ್‌ನಿಂದ ಒಬ್ಬಳು ಬರುತ್ತಿದ್ದಾಳೆ, ನಿನಗೆ ಹೇಳಿರಲಿಲ್ಲ. ಸ್ಕೂಲ್ ಬಸ್ಸಿನಲ್ಲಿ ನಮ್ಮ ಚಿನ್ನಿಯ ಪಕ್ಕ ಕೂರುತ್ತಿದ್ದವಳು. ಚಪ್ಪಲಿ ಬಿಡುವ ಮೊದಲೇ "ತಿನ್ನೋಕೆ ಏನಿದೆ ಆಂಟಿ?" ಎನ್ನುತ್ತಿದ್ದಳಲ್ಲ, ಹೊಟ್ಟೆಬಾಕಿ ಎಂದು ನೀನೇ ಹೆಸರಿಟ್ಟಿದ್ದೆಯಲ್ಲ, ಅವಳೇ. ಈಗ ಹದಿನೈದು. ನಿನ್ನ ಮಗಳು ಇದ್ದಿದ್ದರೆ ಅವಳಿಗೂ ಅಷ್ಟೇ.

ಬಸ್ಸು ಉರುಳಿದ ಸೇತುವೆಗೇ ಹೋಗಿ ಚಿತ್ರ ತೆಗೆದಳು. ಕ್ಯಾಮೆರಾ ಅಲುಗಬಾರದೆಂದು ಸ್ಟ್ಯಾಂಡು ಕೇಳಿ ಒಯ್ದಳು. ಬಾಗಿಲು ಹಾಕಿಕೊಂಡು ದನಿ ತುಂಬಿದಳು. ಹೋದ ತಿಂಗಳು ಚೀಟಿ ಕೊಟ್ಟಳು. 'ಚಿನ್ನಿಯ ಅಮ್ಮ' ಎಂದಿತ್ತು.

"ನಿಮ್ಮಮ್ಮ ಇದಾರಲ್ಲ ಮರಿ, ಅವರು ನೋಡ್ಲಿ," ಎಂದೆ.

"ರೂಲ್ ಮಾಡಿದ್ದು ನೀವೇ ಅಲ್ವಾ ಮಿಸ್?"

"ಅವರಿಗೆ ಕಷ್ಟ ಆಗುತ್ತೆ ಕಣಮ್ಮಾ."

"ನನಗೂ ಆಗುತ್ತೆ," ಎಂದಳು.

ಅಂದಿನಿಂದ ಕ್ಯಾಮೆರಾ ಮುಟ್ಟಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದು ಐದಕ್ಕೆ ಎದ್ದು ಹೋಗುತ್ತಾಳೆ. ಶಾಲೆಗೂ ಹೋಗುತ್ತಿಲ್ಲವಂತೆ, ಊಟದ ಮಾತಂತೂ ಕೇಳಲೇಬೇಡ. ಸಮಾಲೋಚಕಿ ನನ್ನನ್ನು ಕರೆದು, "ಅವಳು ಕಾಯ್ತಾ ಇದಾಳೆ. ನಿಮ್ಮಕ್ಕ ಬರಲ್ಲ ಅಂತಾದ್ರೂ ಯಾರಾದ್ರೂ ಹೇಳ್ಬೇಕು. ಹೀಗೇ ಬಿಟ್ರೆ ಕೈ ಮೀರುತ್ತೆ," ಎಂದರು.

ಅಕ್ಕ, ಆ ದಿನದ ಮಾತೆತ್ತಬೇಡ ಎಂದು ನೀನು ಹೇಳಿದ್ದೆ. ಎರಡು ವರ್ಷ ನಾನು ಎತ್ತಲಿಲ್ಲ. ಈಗ ಕೈಮುಗಿದು ಕೇಳುತ್ತೇನೆ, ಈ ಶನಿವಾರ ಬಾ. ಒಂಬತ್ತು ನಿಮಿಷದ ವಿಡಿಯೋ. ಕೋಣೆಯಲ್ಲಿ ನೀವಿಬ್ಬರೇ, ನಾನು ಹೊರಗೆ ಮೆಟ್ಟಿಲ ಮೇಲಿರುತ್ತೇನೆ. ನಡುವೆ ಎದ್ದು ಬಂದರೂ ಯಾರೂ ಏನೂ ಅನ್ನುವುದಿಲ್ಲ. ನನಗೆ ಭಯವಾಗುತ್ತಿದೆ, ನಿನಗಾಗಿ, ಅವಳಿಗಾಗಿ, ನಿಜ ಹೇಳಬೇಕೆಂದರೆ ನನಗಾಗಿಯೂ.

ಭಾವನಿಗೆ ನಮಸ್ಕಾರ. ಪುಟ್ಟನಿಗೆ ಚಿಕ್ಕಮ್ಮನ ಮುತ್ತು, ನೂರು ವರ್ಷ ಬಾಳಲಿ. ನಿನ್ನ ಆಶೀರ್ವಾದ ಕೇಳುವ ಧೈರ್ಯ ಮಾತ್ರ ಈ ಸಲ ಇಲ್ಲ.

ನಿನ್ನ ತಂಗಿ

ತಾ.ಕ.: ಇದನ್ನು ಬರೆಯಲಾಗದೆಯೇ ಮೂರು ಕಾಗದ ಹರಿದದ್ದು. ಅಂದು ಆಸ್ಪತ್ರೆಯಲ್ಲಿ "ಒಂದೇ ಕ್ಷಣ ಅಕ್ಕ, ಅವಳಿಗೆ ನೋವೇ ಗೊತ್ತಾಗಿಲ್ಲ" ಎಂದವಳು ನಾನು. ನನಗೆ ಹಾಗೆಂದು ಯಾರೂ ಹೇಳಿರಲಿಲ್ಲ. ನೀನು ಇಂದಿಗೂ ಆ ಒಂದು ಮಾತನ್ನೇ ಹಿಡಿದುಕೊಂಡು ಬದುಕಿದ್ದೀಯ. ಐದು ದಿನದ ಮೇಲೆ ಆ ಹುಡುಗಿ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ನಿಮ್ಮ ಗೇಟಿನ ಹತ್ತಿರ ಬಂದಳು. "ಚಿನ್ನಿ ತುಂಬಾ ಹೊತ್ತು ಮಾತಾಡಿದ್ಲು. ಅಮ್ಮಂಗೆ ಹೇಳು ಅಂದ್ಲು," ಎಂದು ಶುರು ಮಾಡಿದಳು. ನಾನು ಅವಳ ಬಾಯಿಗೆ ಕೈ ಅಡ್ಡ ಇಟ್ಟೆ. "ಯಾರಿಗೂ ಹೇಳ್ಬೇಡ. ಹೇಳಿದ್ರೆ ಆಂಟಿ ಉಳಿಯಲ್ಲ," ಎಂದು ವಾಪಸು ಕಳಿಸಿದೆ. ಹದಿಮೂರು ವರ್ಷದ ಮಗು, ನಂಬಿಬಿಟ್ಟಿತು. ಚಿನ್ನಿ ನಿನಗೆ ಏನು ಹೇಳಿ ಕಳಿಸಿದ್ದಳೋ ನನಗೂ ಗೊತ್ತಿಲ್ಲ, ಅಕ್ಕ. ನಾನು ಆ ಹುಡುಗಿಯನ್ನು ಹೇಳಲು ಬಿಡಲಿಲ್ಲ.