ಮೂರನೇ ಹಾಡಿನ ಕೆಮ್ಮು

ಲೋ ಕರಡಿ,

ನಿನ್ನ ಹೊಸ ಆಲ್ಬಮ್ ಇವತ್ತು ಕ್ಷೌರದಂಗಡಿಯಲ್ಲಿ ಕಿವಿಗೆ ಬಿತ್ತು. ಅರ್ಧ ಗಡ್ಡ ಹೆರೆಸಿಕೊಂಡವನು ಎದ್ದು ಹೋಗುವ ಹಾಗೂ ಇರಲಿಲ್ಲ. ಮೂರನೇ ಹಾಡಲ್ಲಿ ಯಾರನ್ನೋ ಜಾಲಾಡಿದ್ದೀಯ. ಅವನು ವೇದಿಕೆ ಹತ್ತುವ ಹೊತ್ತಿಗೆ ಕೈಕೊಟ್ಟ ಹೇಡಿಯಂತೆ, ಪ್ರಾಸ ಕದ್ದ ಕಳ್ಳನಂತೆ.

"ಯಾರಿಗಣ್ಣ ಇಷ್ಟು ಉಗೀತಿರೋದು?" ಎಂದ ಕ್ಷೌರಿಕ.

"ಯಾವನೋ ರ್‍ಯಾಪರ್ ಇರ್ಬೇಕು ಬಿಡು," ಎಂದೆ.

ನನಗೇ ಬಿದ್ದ ಬೈಗುಳ, ಅರಗಿಸಿಕೊಳ್ಳುತ್ತೇನೆ. ಆದರೆ ಕೊನೆಯಲ್ಲಿ, ಡ್ರಮ್ ನಿಂತ ಮೇಲೆ, ಹಾಡಿನೊಳಗೇ, ಗೋಡೆಯಾಚೆಯಿಂದ ಬಂದಂಥ ಒಂದು ಕೆಮ್ಮು. ನಮ್ಮಪ್ಪನದು. ನನ್ನ ಕೋಣೆಯಲ್ಲಿ ಇಬ್ಬರೂ ಕಂಬಳಿ ಹೊದ್ದು ರೆಕಾರ್ಡ್ ಮಾಡುವಾಗ ಪ್ರತಿ ಸಲ ನುಗ್ಗುತ್ತಿದ್ದ ಅದೇ ಕೆಮ್ಮು. "ನಿಮ್ಮಪ್ಪನ್ನ ಸ್ವಲ್ಪ ಆಚೆ ಕಳ್ಸೋ" ಎಂದು ಗೊಣಗುತ್ತಾ ನೀನದನ್ನು ಕತ್ತರಿಸುತ್ತಿದ್ದೆ. ಉಸಿರಿನ ಸದ್ದನ್ನೂ ಉಳಿಸದವನು ಇದನ್ನು ಮರೆತೆ ಎಂದರೆ ನಂಬಲು ನನಗೇನು ತಲೆ ಕೆಟ್ಟಿದೆಯೇ? ಅಣಕಕ್ಕೆ ಇಟ್ಟೆಯಾ? ಇಲ್ಲಾ ಅಪ್ಪ ತೀರಿಕೊಂಡ ಸುದ್ದಿ ಯಾರಾದರೂ ಮುಟ್ಟಿಸಿದರಾ? ನಾನಂತೂ ಹೇಳಿ ಕಳಿಸಿರಲಿಲ್ಲ.

ಗಡ್ಡ ಮುಗಿದರೂ ನಾನು ಏಳಲಿಲ್ಲ.

"ಕೂದಲೂ ಕತ್ತರಿಸಿಬಿಡು. ಅದೇ ಹಾಡು ಇನ್ನೊಂದ್ಸಲ ಹಾಕು."

"ಬೈಗುಳ ಅಷ್ಟು ಹಿಡಿಸ್ತಾ ಅಣ್ಣ?" ಎಂದು ನಕ್ಕ.

"ಹಾಡು ಮುಗಿಯುವಾಗ ಮಾತ್ರ," ಎಂದೆ, "ಕತ್ತರಿ ಸ್ವಲ್ಪ ನಿಲ್ಸಪ್ಪ."