ದೊಣೆಯ ಪಾಚಿ

೧೨-೧೨-೧೯೩೨, ಸಂಜೆ
ಸ್ಕೂಲು ಬಿಟ್ಟ ಮೇಲೆ ಎಂದಿನಂತೆ ರಾಯದುರ್ಗದ ಬೆಟ್ಟ ಹತ್ತಿದೆ. ಊರವರು ಕುಡಿಯುವ ನೀರು ತರುವ ಬಂಡೆಹೊಂಡ ಅಲ್ಲಿಯ ದೊಣೆ; ಅದರ ಮೆಟ್ಟಿಲ ಮೇಲಿನ ಪಾಚಿಯಲ್ಲಿ ಕಾಯಿ! ಕೂದಲೆಳೆಯಂಥ ತೊಟ್ಟು, ತುದಿಯಲ್ಲಿ ಸಾಸಿವೆಗಿಂತ ಸಣ್ಣ ಹಸಿರು ಕಾಯಿ. ಮೂರು ವರ್ಷ ಕಾದಿದ್ದೆ. ಇದರ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಇರುವುದು ಮೇಲಿನ ಬಂಡೆಯ ಬಿರುಕಿನಲ್ಲಿ. ನೀರು ಹರಿದು ಬಂದರೆ ಮಾತ್ರ ಗಂಡಿನ ಕಣ ಹೆಣ್ಣಿಗೆ ಮುಟ್ಟುತ್ತದೆ. ಈ ವರ್ಷ ಹಿಂಗಾರು ಹರಿಸಿತು. ಇನ್ನು ಕಾಯಿ ಬಲಿತು ಮುಚ್ಚಳ ಕಳಚಿದರೆ ಒಳಗಿನ ಪುಡಿ ಗಾಳಿಗೆ ಹಾರಿ, ತೇವ ಸಿಕ್ಕಲ್ಲಿ ಹೊಸ ಪಾಚಿ. ಮದ್ರಾಸಿನ ಪ್ರೊಫೆಸರು ಬರೆದಿದ್ದರು — ಬಲಿತ ಕಾಯಿ ಕಳಿಸದೆ ಜಾತಿ ಹೇಳಲಾಗದು ಎಂದು.

೧೯-೧೨
ಬೊಮ್ಮನಹಾಳಿನಲ್ಲಿ ಕಾಲರಾ. ಹೆಲ್ತ್ ಇನ್ಸ್‌ಪೆಕ್ಟರ್ ಸೂರಪ್ಪನವರು ಸ್ಕೂಲಿಗೇ ಬಂದರು. ನಾಳೆ ದೊಣೆಯ ಮೆಟ್ಟಿಲು ಕೆರೆಸಿ, ನೀರಿಗೆ ಸುಣ್ಣ ಹಾಕಿಸುವರಂತೆ. ಕಾಯಿ ಇನ್ನೂ ಬಲಿತಿಲ್ಲ. ಹದಿನೈದು ದಿನ ತಡೆಯಿರಿ ಎಂದೆ.
“ನೀವು ಸೈನ್ಸ್ ಮೇಷ್ಟ್ರು. ನೀರು ಚೊಲೋ ಐತಿ ಅಂತ ಬರದು ಕೊಡ್ರಿ, ತಡೀತೀನಿ.”
ಬರೆದುಕೊಟ್ಟೆ. ಪರೀಕ್ಷೆ ಮಾಡಲಿಲ್ಲ. ಮಾಡಲು ಸ್ಕೂಲಿನಲ್ಲಿ ಏನಿದೆ? ನೀರು ತಿಳಿಯಾಗಿ ಕಂಡಿತ್ತು, ಅಷ್ಟೇ.

೨೦-೧೨, ಬೆಳಿಗ್ಗೆ
ಇವತ್ತಿನಿಂದ ಕುಡಿಯುವ ನೀರು ಕುದಿಸು ಎಂದು ಹೆಂಡತಿಗೆ ಹೇಳಿದೆ. ದೊಣೆಯಿಂದ ನೀರು ತಂದು ಹಾಕುವ ಉಜ್ಜಿನಮ್ಮ ಕೊಡ ಇಳಿಸುತ್ತಾ ಕೇಳಿದಳು — “ಯಾಕ್ರಿ ಅಂಬಮ್ಮಾರ, ಕುಡಿಯೋ ನೀರು ಕಾಸಾಕತ್ತೀರಿ?”
ಅಂಬಮ್ಮ ನನ್ನ ಮುಖ ನೋಡಿದಳು.
“ನನಗ ನೆಗಡಿ ಆಗೈತಿ,” ಎಂದೆ.
ನೀನೂ ಕಾಸಿ ಕುಡಿ ಎನ್ನಬಹುದಿತ್ತು. ಅಂದಿದ್ದರೆ ಊರೆಲ್ಲ ಹಬ್ಬುತ್ತಿತ್ತು, ಇನ್ಸ್‌ಪೆಕ್ಟರ ಕಿವಿಗೂ...

೨-೧-೧೯೩೩
ಕಾಯಿ ಕಂದು ಬಣ್ಣಕ್ಕೆ ತಿರುಗಿದೆ. ಮುಚ್ಚಳ ಉದುರುತ್ತಿದೆ. ಲೆನ್ಸಿನಲ್ಲಿ ನೋಡಿದರೆ ಬಾಯಿ ಸುತ್ತ ಹಲ್ಲಿನ ಸಾಲು — ಉಸಿರಿನ ತೇವಕ್ಕೆ ಮುಚ್ಚುತ್ತವೆ, ಬಿಸಿಲಿಗೆ ಬಿಚ್ಚುತ್ತವೆ. ಕಾಗದದಲ್ಲಿ ಮಡಿಸಿ ಮದ್ರಾಸಿಗೆ ಪಾರ್ಸೆಲ್ ಮಾಡಿದೆ. ಇನ್ನು ಸುಣ್ಣ ಹಾಕಿಸಿ ಎಂದು ಸೂರಪ್ಪನವರಿಗೆ ಹೇಳಬೇಕು. ನಾಳೆ.

೪-೧
ಹೇಳಿರಲಿಲ್ಲ. ಉಜ್ಜಿನಮ್ಮ ನೀರಿಗೆ ಬರಲಿಲ್ಲ. ಅವಳ ಮಗಳು ಮೂಕಮ್ಮನಿಗೆ ಬೆಳಗಿನಿಂದ ವಾಂತಿ ಭೇದಿ. ಒಂಬತ್ತು ವರ್ಷ. ಮಧ್ಯಾಹ್ನಕ್ಕೆ ಹೋಗಿಬಿಟ್ಟಳು.

೧೧-೧
ಉಜ್ಜಿನಮ್ಮನ ಓಣಿಯಲ್ಲಿ ಐದು ಜನ ಸತ್ತರು. ದೊಣೆಗೆ ಸುಣ್ಣ ಬಿತ್ತು. ತಡ ಮಾಡಿದ್ದಕ್ಕೆ ಸೂರಪ್ಪನವರಿಗೆ ಸಸ್ಪೆನ್ಷನ್. ಮನೆಗೆ ಬಂದಿದ್ದರು. ಕೂರಲಿಲ್ಲ.
“ನಿಮ್ಮ ಕಾಗದ ಹರದು ಹಾಕೀನ್ರಿ. ಇಬ್ಬರೂ ಯಾಕ ಹಾಳಾಗಬೇಕು?”
ಬೇಡ ಎನ್ನಲಿಲ್ಲ ನಾನು. ಸಮಾಧಾನವೇ ಆಯಿತು. ಅದನ್ನೂ ಬರೆದಿಡುತ್ತೇನೆ.

೨೩-೨
ಮದ್ರಾಸಿನಿಂದ ಪತ್ರ. ಹೊಸ ಜಾತಿಯಂತೆ. ಅದಕ್ಕೆ ನನ್ನ ಹೆಸರು ಇಡುವರಂತೆ. ಸಿಕ್ಕ ಜಾಗ, ತಾರೀಖು ಅಚ್ಚಿಗೆ ಬೇಕು, ಕೂಡಲೇ ತಿಳಿಸಿ ಎಂದಿದ್ದಾರೆ. ಬರೆಯಲು ಕೂತೆ. ರಾಯದುರ್ಗದ ದೊಣೆ, ಎರಡನೆಯ ಜನವರಿ... ಅಲ್ಲಿಗೇ ಪೆನ್ನು ಮುಚ್ಚಿಟ್ಟೆ. ಅಂಬಮ್ಮನಿಗೆ ಪತ್ರ ಓದಿ ಹೇಳಿದೆ. ಎದ್ದು ಒಳಗೆ ಹೋದಳು. ಮೂಕಮ್ಮ ಹೋದಾಗಿನಿಂದ ನನ್ನೊಂದಿಗೆ ಮಾತು ಕಡಿಮೆ.

೨೪-೨, ಬೆಳಿಗ್ಗೆ
ಉಜ್ಜಿನಮ್ಮ ಈಗ ಪೇಟೆ ಬಾವಿಯಿಂದ ನೀರು ತರುತ್ತಾಳೆ. ಕೊಡ ಇಳಿಸಿದವಳು ಹೋಗದೆ ಬಾಗಿಲಲ್ಲೇ ನಿಂತಳು.
“ಮೇಷ್ಟ್ರೇ, ನೀವು ಓದಿದೋರು. ನಿಜ ಹೇಳ್ರಿ. ನನ್ನ ಕೂಸಿಗೆ ನೀರಿಂದನಾ ಬಂದಿದ್ದು? ಬಾಯಾರಿಕಿ ಅಂದ್ಲು ಅಂತ ನಾನಾ ಕುಡಿಸೀನ್ರಿ, ಈ ಕೈಲೆ.”
ಅಂಬಮ್ಮ ಒಲೆ ಬಿಟ್ಟು ಎದ್ದು ಬಂದಳು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.
“ನಿನ್ನ ತಪ್ಪಲ್ಲ, ಉಜ್ಜಿನಮ್ಮ.”
“ಮತ್ತ ಯಾರ್ದು ರೀ?”
“ನಂದು,” ಎಂದೆ. “ನೀರು ಚೊಲೋ ಐತಿ ಅಂತ ಬರದು ಕೊಟ್ಟಾಂವ ನಾನಾ.”