ಮೂವತ್ತಾರು ಗಾಜಿನ ಬಿಲ್ಲೆಗಳು

ಅಕ್ಕನಿಗೆ ನಮಸ್ಕಾರ.

ಸೊಂಟನೋವು ಹತೋಟಿಯಲ್ಲಿದೆ, ನೀನು ಕೊಟ್ಟ ಎಣ್ಣೆ ಮುಗಿಯುತ್ತ ಬಂತು. ಇಲ್ಲಿ ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ ಹಳೆಯ ಸಾಮಾನು ಒರೆಸಿಡುವುದು ನನ್ನ ಕೆಲಸ. ನಿನ್ನೆ ಒಂದು ಪೆಟ್ಟಿಗೆ ತೆರೆದರೆ, ಬಿಳಿಯಿಂದ ಕಪ್ಪಿನವರೆಗೆ ನಂಬರು ಹಾಕಿದ ಮೂವತ್ತಾರು ಗಾಜಿನ ಬಿಲ್ಲೆಗಳು. ಹಿಂದೆ ಪಂಡಿತರು ಇವನ್ನು ಜನರ ಮೈಗೆ ಹಿಡಿದು, ಯಾರು ಯಾವ ಜನಾಂಗ, ಯಾರು ಮೇಲು ಎಂದು ಬರೆದುಕೊಳ್ಳುತ್ತಿದ್ದರಂತೆ. ಜೊತೆಗಿದ್ದ ಪುಸ್ತಕ ನೋಡಿದರೆ, ತಮ್ಮ ಪೆಟ್ಟಿಗೆ ಹೊತ್ತ ಕೂಲಿಯವನನ್ನು ಮಳೆಗಾಲದಲ್ಲೊಮ್ಮೆ, ಬಿಸಿಲಲ್ಲಿ ಬೆಂದ ಮೇಲೊಮ್ಮೆ ಅಳೆದು, ಒಬ್ಬನನ್ನೇ ಎರಡು ಜನಾಂಗಕ್ಕೆ ಸೇರಿಸಿದ್ದಾರೆ ಮಹಾಶಯರು.

ಮೇಲ್ವಿಚಾರಕ ನಗುತ್ತ ನನ್ನ ಮುಂಗೈಗೂ ಬಿಲ್ಲೆ ಹಿಡಿದು, "ನೀವು ಇಪ್ಪತ್ತೊಂಬತ್ತು ಕಣ್ರೀ" ಎಂದ. ಮೈಯೆಲ್ಲ ಉರಿದುಹೋಯಿತು, ಕೈ ಕೊಡವಿದೆ.

"ತಮಾಷೆಗೆ ಅಂದೆ. ಈಗ ಇದನ್ನೆಲ್ಲ ಯಾರ್ ನಂಬ್ತಾರೆ?"

ಬಯ್ಯಲು ಬಾಯಿ ತೆರೆದವನಿಗೆ ನಿನ್ನ ಕಾಗದ ನೆನಪಾಯಿತು. ಮಗನಿಗೆ ನೋಡಿದ ಹುಡುಗಿಯ ಬಗ್ಗೆ ಬರೆದಿದ್ದೆಯಲ್ಲ, "ಎಲ್ಲಾ ಸರಿ ಇತ್ತು, ಬಣ್ಣ ಸ್ವಲ್ಪ ಕಡಿಮೆ, ಬೇಡ ಅಂದ್ವಿ" ಅಂತ. ಪಂಡಿತರಿಗಾದರೂ ಬಿಲ್ಲೆ ಬೇಕಾಗಿತ್ತು. ನೀನು ಬಾಗಿಲಲ್ಲಿ ನಿಂತು ಕಣ್ಣಲ್ಲೇ ಅಳೆದುಬಿಟ್ಟೆ.

ಈ ಅಂಚೆ ಕಾರ್ಡಿನಲ್ಲಿ ಜಾಗವಿಲ್ಲ, ಇದ್ದಿದ್ದರೆ ಇನ್ನೂ ಬಯ್ಯುತ್ತಿದ್ದೆ.

ಇಂತಿ ನಿನ್ನ ತಮ್ಮ,
ತೊಟ್ಟಿಲಲ್ಲಿ ನೋಡಿದ ದಿನವೇ ನೀನು ಹೆಸರಿಟ್ಟ
ಕರಿಯ